ಐವತ್ತೆರಡು ಸೆಕೆಂಡು ಸತ್ತಿದ್ದ ಮೈಕ್

ಗೋಕಾಕದ ಒಂದು ಸೌಂಡ್ ಸರ್ವಿಸ್‌ನಲ್ಲಿ ನಾನು ಇಂಜಿನಿಯರ್ ಆಗಿ ಸೇರಿ ಆಗ ನಾಲ್ಕನೇ ವರ್ಷ, ಅಥವಾ ಐದನೆಯದು. ನಮ್ಮಲ್ಲಿ ಡಿಜಿಟಲ್ ಮಿಕ್ಸರ್ ಕೊಂಡ ವರ್ಷ ಎಂಬುದು ಮಾತ್ರ ಖಚಿತ. ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಓದಿದವನು ನಾನು, ಅಳೆಯಲಾಗದ್ದನ್ನು ನಂಬುವುದಿಲ್ಲ, ಒಂದೆಡೆ ಕೂರುವುದೂ ಇಲ್ಲ. ಆ ಯಂತ್ರ ನನಗೆ ಹೇಳಿ ಮಾಡಿಸಿದಂತಿತ್ತು. ಅದರ ಮೈಮೇಲೆ ದನಿ ಏರಿಳಿಸುವ ಗುಂಡಿಗಳೇ ಇರಲಿಲ್ಲ. ವೇದಿಕೆಯ ಬದಿಗಿಟ್ಟು ಮೈಕುಗಳ ವೈರು ಸಿಕ್ಕಿಸಿದರೆ, ಉಳಿದದ್ದೆಲ್ಲ ವೈಫೈ ರೌಟರ್ ಮೂಲಕ ಕೈಯಲ್ಲಿನ ಟ್ಯಾಬ್ಲೆಟ್‌ನಿಂದ. ಸಭಾಂಗಣದ ಕೊನೆಗೆ ಹೋಗಿ, ಅಲ್ಲಿ ಕೂತವರ ಕಿವಿಯಿಂದಲೇ ಕೇಳುತ್ತ ದನಿ ಹೊಂದಿಸಬಹುದು.

ಮಾಲೀಕ ಬಸಲಿಂಗ ಕಾಕಾ ಮಾತ್ರ ಒಪ್ಪಿರಲಿಲ್ಲ. "ಗುಂಡಿ ಇಲ್ಲದ್ದು ಎಂಥಾ ಮಿಕ್ಸರೋ ತಮ್ಮಾ? ನಾಳೆ ಗಾಲಿ ಇಲ್ಲದ ಟ್ರ್ಯಾಕ್ಟರ್ ತರ್ತಿ."

ಒಂದು ಮುಂಜಾನೆ ಮೂಡಲಗಿಯ ಕಲ್ಯಾಣಮಂಟಪದಲ್ಲಿ ನಮ್ಮ ಕಡೆಯ ಜಾನಪದ ನಾಟಕ ಸಣ್ಣಾಟದ ಪದಗಳನ್ನು ಹಾಡುವ ಕಾರ್ಯಕ್ರಮವಿತ್ತು. ಹಾಡಲು ಹುಕ್ಕೇರಿ ತಾಲೂಕಿನ ದಡ್ಡಿಯಿಂದ ರತ್ನವ್ವ ಬಂದಿದ್ದರು. ಅರವತ್ತು ದಾಟಿದ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದೇ ಮೊದಲ ವೇದಿಕೆ. ದನಿ ಏರಿಸಿದರೆ ಉಳಿದಷ್ಟೂ ಹೋದೀತೆಂದು ಡಾಕ್ಟರ್ ಎಚ್ಚರಿಸಿದ್ದರು. "ಮದಲ ಮೈಕ್ ಇಲ್ದನ ಊರಿಗೆಲ್ಲಾ ಕೇಳಸ್ತಿದ್ದೆ. ಈಗ ಸಣ್ಣಗ ಹಾಡ್ತೇನಿ. ಉಳದದ್ದು ನಿನ್ನ ಕೈಯಾಗ ಐತಿ ನೋಡಪ್ಪಾ" ಎಂದರು.

ಮೈಕುಗಳನ್ನು ಪರೀಕ್ಷಿಸಿದೆ. ಸಭಾಂಗಣದ ಕೊನೆಯಲ್ಲೂ ವೈಫೈ ಚೆನ್ನಾಗಿತ್ತು. ಕಾರ್ಯಕ್ರಮಕ್ಕೆ ಮೊದಲು ಕಾಕಾ ಮಿಕ್ಸರಿಗೂ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಆ ಹೊತ್ತಿಗೆ ನಾನು ಚಹಾ ಕುಡಿಯಲು ಹೋಗುತ್ತಿದ್ದೆ; ಅಂದೂ ಹೋದೆ.

ತಿರುಗಿ ಬಂದಾಗ ನಿರೂಪಕರ ಮಾತು ನಡೆದಿತ್ತು. ಸ್ಪೀಕರಿನ ದನಿ ತಿರುಗಿ ಹೊಕ್ಕು ಮೈಕ್ ಕುಂಯ್ ಎಂದು ಕೂಗದಿರಲೆಂದು, ವೇದಿಕೆಯ ಪಕ್ಕದಲ್ಲೇ ನಿಂತು ರತ್ನವ್ವನ ಮೈಕನ್ನು ಮ್ಯೂಟ್ ಮಾಡಿದೆ. ಆಮೇಲೆ ಎಂದಿನಂತೆ ಹಿಂದಿನ ಸಾಲಿನತ್ತ ನಡೆದೆ. ಹಿಂದೆ ದನಿಗೂಡಿಸುವ ಮೇಳದವರು ತಮ್ಮ ಮೈಕಿನಲ್ಲಿ ಪಲ್ಲವಿ ಎತ್ತಿದರು. ರತ್ನವ್ವ ಮೈಕಿನ ಮುಂದೆ ಬಂದರು. ಮ್ಯೂಟ್ ತೆಗೆಯಲು ಬೆರಳಿಟ್ಟೆ. ಟ್ಯಾಬ್ಲೆಟ್‌ನ ಸಂಪರ್ಕ ಕಡಿದುಹೋಗಿತ್ತು.

ಸಂಪರ್ಕ ಕಡಿದರೆ ಈ ಮಿಕ್ಸರ್ ನಿಲ್ಲುವುದಿಲ್ಲ. ಕೊನೆಗೆ ಕೊಟ್ಟ ಆಜ್ಞೆಯನ್ನೇ ಪಾಲಿಸುತ್ತಿರುತ್ತದೆ. ನಾನು ಕೊಟ್ಟ ಕೊನೆಯ ಆಜ್ಞೆ, ಆಕೆಯ ಬಾಯಿ ಮುಚ್ಚಿಸುವುದು.

ಓಡಿದೆ. ಯಾರದೋ ಕಾಲು ತುಳಿದೆ. "ಸಾವಕಾಶ ಹೋಗ್ರಿ, ಊಟ ಇನ್ನೂ ಆಗಿಲ್ಲ" ಎಂದಿತು ಒಂದು ದನಿ. ವೇದಿಕೆಯ ಬದಿಗೆ ಬಂದರೆ, ಮಿಕ್ಸರ್ ಪಕ್ಕ ಇಟ್ಟಿದ್ದ ರೌಟರ್ ಕಾಣಲಿಲ್ಲ.

"ಕಾಕಾ, ರೌಟರ್ ಎಲ್ಲೈತ್ರಿ?"

"ಪೆಟಗ್ಯಾಗ ಐತಿ. ಕಾಯಿ ನೀರು ಸಿಡೀತೈತಂತ ಒಳಗಿಟ್ಟು ಮುಚ್ಚೇನಿ. ಯಾಕ?"

ಅದು ಮೈಕುಗಳನ್ನು ತರುವ ಕಬ್ಬಿಣದ ಟ್ರಂಕು. ಲೋಹದ ಮೂಲಕ ವೈಫೈ ಹಾಯುವುದಿಲ್ಲ. ವೈರು ಹೊರಬಂದ ಸಂದಿಯಿಂದ ಸೋರಿದಷ್ಟು ಸಿಗ್ನಲ್ ಹತ್ತಿರಕ್ಕೆ ಸಾಕಾಗಿತ್ತು, ದೂರಕ್ಕೆ ಸಾಲಲಿಲ್ಲ. ಮುಚ್ಚಳ ತೆರೆದೆ, ಸಂಪರ್ಕ ಬಂತು, ಮ್ಯೂಟ್ ತೆಗೆದೆ. ರತ್ನವ್ವನ ಸಣ್ಣ ದನಿ ಕೊನೆಯ ಸಾಲಿನವರೆಗೂ ಹೋಯಿತು.

ನನಗೆ ಸಮಾಧಾನವಾಗಲಿಲ್ಲ. ನಾನು ಓಡಿಬರುವಾಗ ಆಕೆ ಕೊರಳ ನರ ಉಬ್ಬಿಸಿ ಕೂಗುತ್ತಿದ್ದುದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅದೂ ಐದು ನಿಮಿಷ. ಆ ದನಿ ನನ್ನಿಂದಲೇ ಕೆಟ್ಟಿತೆಂದು ವಾರವಿಡೀ ಕೊರಗಿದೆ. ದಡ್ಡಿಗೆ ಫೋನ್ ಮಾಡಿ ವಿಚಾರಿಸಲು ಧೈರ್ಯ ಸಾಲಲಿಲ್ಲ. ರೆಕಾರ್ಡಿಂಗ್ ಕೇಳಲು ಕೂತೆ. ನಮ್ಮ ಮಿಕ್ಸರ್ ಪ್ರತಿ ಮೈಕನ್ನೂ ಬೇರೆಬೇರೆಯಾಗಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತದೆ. ಮ್ಯೂಟ್ ಮಾಡಿದ್ದರೂ ಮೈಕ್ ಕೇಳಿಸಿಕೊಂಡದ್ದು ಅದರಲ್ಲಿರುತ್ತದೆ.

ಐದು ನಿಮಿಷವಲ್ಲ, ಐವತ್ತೆರಡು ಸೆಕೆಂಡು. ಕೂಗಿದ ಸದ್ದೇ ಇಲ್ಲ. ಅರ್ಧ ಸಾಲು ಸಣ್ಣಗೆ ಹಾಡಿ ರತ್ನವ್ವ ನಿಲ್ಲಿಸಿದ್ದಾರೆ. ಆಮೇಲೆ ಮೇಳದ ಕಡೆಗೆ ಮಾತು: "ಮೈಕ್ ಸತ್ತೈತಿ. ನೀವು ಪಲ್ಲವಿ ಹಿಡೀರಿ, ಬಿಡಬ್ಯಾಡ್ರಿ. ಮೈಕಿನಾಂವ ಓಡಿ ಬರಾಕತ್ತಾನ."

ಹಾರ್ಮೋನಿಯಂನವರು, "ಜೋರ್ ಹಾಡಬೇ, ಕೇಳತೈತಿ" ಎನ್ನುತ್ತಾರೆ.

"ಒಲ್ಲೆಪ್ಪಾ. ನಾಳೆನೂ ಹಾಡೂದೈತಿ ನನಗ."

ಆಮೇಲೆ ಮೇಳದ ಪಲ್ಲವಿ, ಮತ್ತೆ ಮತ್ತೆ. ನಾನು ಕಂಡ ಉಬ್ಬಿದ ನರ ಮೇಳದವರಲ್ಲಿ ಯಾರದೋ ಇರಬೇಕು, ಯಾರದೂ ಅಲ್ಲದಿರಲೂಬಹುದು. ಆ ತುಣುಕನ್ನು ಮೂರು ಸಲ ಕೇಳಿದೆ. ವಾರದಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಕಾಕಾನಿಗೂ ಕೇಳಿಸಿದೆ. "ಹಿಂಗ ನಡುವ ಸಾಯೂ ಮೈಕಿನಾಗ ನಲವತ್ತು ವರ್ಷ ಹಾಡ್ಯಾಳ ಆಕಿ. ನಿನ್ನ ನಂಬಿ ಬಂದಿದ್ಲಂತ ತಿಳದಿದ್ದೇನು?" ಎಂದರು.

ಹಾಗೆಯೇ ತಿಳಿದಿದ್ದೆ. ನನ್ನ ಕೆಲಸ ಕೊಟ್ಟ ಪಾಠವಿಷ್ಟು: ಸಂಪರ್ಕ ಕಡಿದರೂ ಯಾರಿಗೂ ಕೇಡಾಗದಂಥ ಆಜ್ಞೆ ಕೊಟ್ಟೇ ವೇದಿಕೆಯಿಂದ ದೂರ ಹೋಗಬೇಕು. ಈಗ ಮ್ಯೂಟ್ ತೆಗೆಯದೆ ಅಲ್ಲಿಂದ ಕದಲುವುದಿಲ್ಲ. ಕಾಕಾ ಕಾಯಿ ಒಡೆಯುವಾಗ, ನೀರು ಸಿಡಿಯದಂತೆ ರೌಟರನ್ನು ತಲೆಯ ಮೇಲೆತ್ತಿ ಹಿಡಿದು ನಾನೂ ನಿಂತಿರುತ್ತೇನೆ. ನೋಡಿದವರು ಭಕ್ತಿ ಅಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.