ಓಕ್ ಮರಕ್ಕೆ ಹಚ್ಚಿದ ಗ್ರೀಸು

ಪೀರೋಜಳ ಸಹನೆಯನ್ನು ಹೊಗಳದವರು ಪೆಂಜ್ವೀನ್ ಬೆಟ್ಟದ ಆ ಊರಿನಲ್ಲಿ ಯಾರೂ ಇರಲಿಲ್ಲ. ಹೊಗಳುವವರಿಗೆ ಹಮಶರೀಫನಂಥ ಗಂಡನಿರಲಿಲ್ಲ ಎಂಬುದು ಬೇರೆ ಮಾತು. ಆಯುಷ್ಯವಿಡೀ ಲಾರಿ ಓಡಿಸಿ ಈಗ ಮನೆಯಲ್ಲಿ ಕುಳಿತ ಆ ಮನುಷ್ಯನ ಬಳಿ ಒಂದು ಗ್ರೀಸಿನ ಡಬ್ಬಿಯಿತ್ತು. ಕಣ್ಣಿಗೆ ಬಿದ್ದ ತೊಂದರೆಗೆಲ್ಲ ಅದೇ ಮದ್ದು. ಬಾಗಿಲು ಕಿರುಗುಟ್ಟಿದರೆ ಗ್ರೀಸು, ತೊಟ್ಟಿಲು ಕಿರುಗುಟ್ಟಿದರೆ ಗ್ರೀಸು, ಕಡೆಗೆ ಅವಳ ಹೊಲಿಗೆ ಯಂತ್ರಕ್ಕೂ ಗ್ರೀಸು. ಆ ವರ್ಷ ನೆರೆಹೊರೆಯವರು ಹೊಲಿಸಿಕೊಂಡ ಅಂಗಿಗಳಿಗೆಲ್ಲ ಕಪ್ಪು ಅಂಚು ಬಂದಿತ್ತು.

ತನ್ನದೆಂದು ಹೇಳಿಕೊಳ್ಳಲು ಪೀರೋಜಳಿಗೆ ಇದ್ದದ್ದು ತಂದೆ ಕೊಟ್ಟ ಒಂದೇ ಒಂದು ಓಕ್ ಮರ. ಬೇಸಿಗೆ ಇಳಿದ ಮೇಲೆ ಅದರ ಎಲೆಗಳ ಮೇಲೆ ಗೆಜೋ ಕಟ್ಟುತ್ತಿತ್ತು. ಹಸಿಯಿದ್ದಾಗ ಸಿಹಿ ಅಂಟು, ಒಣಗಿದರೆ ಬಿಳಿಯ ಹರಳು. ಬೆಳಗಿನ ತಂಪಿನಲ್ಲಿ ಕೊಂಬೆ ಕಡಿದು, ಒಣಗಿಸಿ, ಬಟ್ಟೆಯ ಮೇಲೆ ಬಡಿದು, ಉದುರಿದ್ದನ್ನು ಕುದಿಸಿ ಸೋಸಿ, ಮೊಟ್ಟೆಯ ಬಿಳಿ ಹಾಕಿ ಕಡೆದು, ಅಕ್ರೋಟು ಸೇರಿಸಿ ಉಂಡೆ ಕಟ್ಟುವುದು ತಾಯಿಯಿಂದ ಅವಳ ಕೈಗೆ ಬಂದ ವಿದ್ಯೆ. ಮದುಮಗಳ ತಟ್ಟೆಯಲ್ಲಿ ತಾಯಿಯ ಮರದ ಗೆಜೋ ಇರಬೇಕು, ಪೇಟೆಯದು ಸಲ್ಲದು ಎಂಬುದು ಅವಳ ತವರಿನ ಕಟ್ಟಳೆ. ಆ ಶರತ್ಕಾಲದಲ್ಲಿ ಮಗಳು ಗೆಲಾಸಳ ಮದುವೆ ನಿಶ್ಚಯವಾಗಿತ್ತು.

ಗೆಜೋ ರಾತ್ರಿ ಆಕಾಶದಿಂದ ಇಳಿಯುತ್ತದೆಂದು ಊರೆಲ್ಲ ನಂಬಿದಂತೆ ಹಮಶರೀಫನೂ ನಂಬಿದ್ದ. ಹಾಗಾಗಿ, ಬರಿಹೊಟ್ಟೆಯಲ್ಲಿ ಕಾಂಡ ಹತ್ತಿ ಹೊಟ್ಟೆ ಉಬ್ಬಿಸಿಕೊಂಡು ಇಳಿಯುವ ಇರುವೆಗಳು ಅವನ ಕಣ್ಣಿಗೆ ದೇವರು ಕೊಟ್ಟದ್ದನ್ನು ದೋಚುವ ಕಳ್ಳರು. ಪೀರೋಜ್ ಮದುವೆಯ ಬಟ್ಟೆ ತರಲು ಪೇಟೆಗೆ ಹೋದ ದಿನ ಅವನು ಕಾಂಡದ ಸುತ್ತ ಅಂಗೈ ಅಗಲದ ಗ್ರೀಸು ಬಳಿದ. ಬಳಿದು ಚಹಾದಂಗಡಿಗೆ ಹೋಗಿ ಹೇಳಿಕೊಂಡ. ಸುದ್ದಿ ಅವಳಿಗೆ ಮುಟ್ಟಿದ್ದು ಪಕ್ಕದ ಮನೆಯ ಸೊಸೆ ಆಮೀನಳ ಬಾಯಿಂದ.

"ಪೀರೋಜತ್ತೆ, ನಿಮಗೆ ತರದ ಸೊಂಟಪಟ್ಟಿಯನ್ನ ಮಾಮ ಮರಕ್ಕೆ ಕಟ್ಟಿದ್ದಾರಂತೆ, ಗ್ರೀಸಿಂದು."

ಇರುವೆಗಳು ನಿಂತವು. ಮರವೇರಿ ಕಾಯುವವರಿಲ್ಲದ್ದರಿಂದ ಗುಲಗಂಜಿ ಹುಳುಗಳು ಬಂದವು. ಎಲೆಯ ಹಿಂಬದಿಗೆ ಅಂಟಿಕೊಂಡಿದ್ದ ಹಸಿರು ಸಸ್ಯಹೇನುಗಳನ್ನು ಅವು ಮೇದು ಮುಗಿಸುತ್ತಿದ್ದುದನ್ನು ಪೀರೋಜ್ ಎಲೆ ಮಗುಚಿ ಮಗುಚಿ ನೋಡಿದಳು. ಹೇನಿಲ್ಲದ ಎಲೆಗೆ ಅಂಟು ಕಟ್ಟುವುದಿಲ್ಲವೆಂದು ವರ್ಷಗಳಿಂದ ಕೊಂಬೆ ಕಡಿದ ಅವಳಿಗೆ ಗೊತ್ತಿತ್ತು. ಮದುವೆ ಹತ್ತಿರ ಬಂದರೂ ಒಂದು ಎಲೆಯೂ ಮಿನುಗಲಿಲ್ಲ. ಅವಳು ಗಂಡನನ್ನು ಮರದ ಕೆಳಗೇ ಕರೆದು ನಿಲ್ಲಿಸಿದಳು.

"ಗೆಜೋ ಸುರಿಸೋದು ಈ ಹೇನು. ಇವನ್ನ ಕಾಯೋದು ಇರುವೆ. ನೀವು ಕಾವಲು ಓಡಿಸಿದ್ರಿ, ಹುಳ ಬಂದು ಮೇಯ್ತಿದಾವೆ."

"ಹಂಗಾದ್ರೆ ಇಷ್ಟು ವರ್ಷ ನಾನು ತಿಂದಿದ್ದು ಹೇನಿನ ಹಿಂದಿಂದ ಬಂದಿದ್ದಾ?"

"ಹೌದು. ಇನ್ನೆರಡು ಹಾಕು ಅಂತ ಕೇಳಿ ತಿಂದಿದ್ದೀರಿ."

"ಆದ್ರೂ ಕದಿಯೋದು ಕದಿಯೋದೇ."

"ನಿಮ್ಮಪ್ಪ ಊರಿನ ಮೇಕೆ ಕಾಯ್ತಿದ್ರು. ವಾರದಲ್ಲಿ ಒಂದು ದಿನದ ಹಾಲು ಅವರದ್ದು. ಅವರನ್ನ ಯಾರಾದ್ರೂ ಕಳ್ಳ ಅಂದ್ರಾ?"

ಸತ್ತ ಅಪ್ಪನನ್ನು ಇರುವೆ ಎಂದಳೆಂದು ಹಮಶರೀಫ ಮುನಿಸಿಕೊಂಡ. ಅವಳು ಕೊಟ್ಟ ಚಹಾ ಮುಟ್ಟದೆ ಮಾಳಿಗೆಯ ಮೇಲೆ ಮಲಗಿದ. ಮುನಿಸು ಇಳಿದ ಮೇಲೆ, ಬಳಿದದ್ದನ್ನು ತಾನೇ ಒರೆಸುವೆನೆಂದು ಡೀಸೆಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಬಂದ. ಪೀರೋಜ್ ಅದನ್ನು ಕಿತ್ತುಕೊಂಡು, ಮದುವೆ ಮುಗಿಯುವವರೆಗೆ ಮರದ ನೆರಳಿಗೂ ಕಾಲಿಡಕೂಡದೆಂದು ಹೇಳಿದಳು.

ನೆಲದಿಂದ ಗ್ರೀಸಿನ ಮೇಲಿನವರೆಗೆ ಮುಟ್ಟುವಂತೆ ಒಂದು ಒಣ ಕೊಂಬೆಯನ್ನು ಅವಳು ಕಾಂಡಕ್ಕೆ ಒರಗಿಸಿದಳು. ಇರುವೆಗಳು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇವಕ್ಕೂ ಮುನಿಸು ಬಂತೇ ಎಂದು ಗೊಣಗಿ, ಮಗಳಿಗೆಂದು ತೆಗೆದಿರಿಸಿದ ದ್ರಾಕ್ಷಿಯ ಪಾಕವನ್ನು ಕೊಂಬೆಯುದ್ದಕ್ಕೂ ಸವರಿದಳು. ಆಗ ಹತ್ತಿದವು. ತುದಿಗೊಂಬೆಗಳಲ್ಲಿ ಅಲ್ಲಲ್ಲಿ ಹೇನು ಉಳಿದಿತ್ತು. ಅವುಗಳ ಸುತ್ತ ಮತ್ತೆ ಕಾವಲು ಬಿತ್ತು.

ಮದುವೆಯ ವಾರ ಕೊಂಬೆ ಬಡಿದಾಗ ಬಟ್ಟೆಯ ಮೇಲೆ ಬಿದ್ದದ್ದರಲ್ಲಿ ಎಲೆಯ ಚೂರೇ ಹೆಚ್ಚು. ಕುದಿಸಿ ಸೋಸಿದರೆ ಸಿಕ್ಕಿದ್ದು ಒಂದು ಉಂಡೆಗಾಗುವಷ್ಟು. ಹಮಶರೀಫ ಸುಲೈಮಾನಿ ಪೇಟೆಯಿಂದ ಒಂದು ಚೀಲ ಗೆಜೋ ತಂದು, ಬೆರೆಸಿಬಿಡು, ಯಾರಿಗೆ ಗೊತ್ತಾಗುತ್ತದೆ ಎಂದ. ನನಗೆ ಗೊತ್ತಾಗುತ್ತದೆ ಎಂದ ಪೀರೋಜ್ ಆ ಒಂದೇ ಉಂಡೆಯನ್ನು ದೊಡ್ಡ ತಾಮ್ರದ ತಟ್ಟೆಯ ನಡುವೆ ಇಟ್ಟಳು.

ವರನ ತಾಯಿ ತಟ್ಟೆಯನ್ನು ನೋಡಿ, ಬಾಗಿಲ ಕಡೆ ನೋಡಿ, ಉಳಿದದ್ದು ಹಿಂದೆ ಬರುತ್ತಿದೆಯೇ ಎಂದು ಮರ್ಯಾದೆಯಿಂದಲೇ ಕೇಳಿದಳು.

"ಇಷ್ಟೇ. ನನ್ನ ಮರದ್ದು. ಉಳಿದದ್ದು ಏನಾಯ್ತು ಅಂತ ನಿಮ್ಮ ಬೀಗರನ್ನ ಕೇಳಿ."

ಎಲ್ಲರೂ ಹಮಶರೀಫನ ಕಡೆ ತಿರುಗಿದರು. ಅವನು ರುಮಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ನೋಡಿ, ಈ ಇರುವೆ ಅಂದ್ರೆ ನಮ್ಮಪ್ಪ ಇದ್ದ ಹಾಗೆ. ಈ ವಿಷಯ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ."

ಪೀರೋಜ್ ಉಂಡೆಯನ್ನು ಮುರಿದು ದೊಡ್ಡ ಪಾಲನ್ನು ಮಗಳ ಬಾಯಿಗಿಟ್ಟಳು, ಉಳಿದದ್ದನ್ನು ವರನ ತಾಯಿಯ ಕೈಗಿಟ್ಟಳು. ಗಂಡನಿಗೆ ಚೂರೂ ಉಳಿಸಲಿಲ್ಲ.