ನಮ್ಮಣ್ಣನ ಮುಖ, ಊರಿನವರ ಜೇಬು

ನಮ್ಮಣ್ಣ ಬಸ್ಸು ಹತ್ತಿದ ಕೂಡಲೇ ಒಳಗಿದ್ದವರೆಲ್ಲ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಗಂಡಸರ ಕೈ ಪ್ಯಾಂಟಿನ ಹಿಂಬದಿಗೆ ಹೋಗುತ್ತದೆ, ಹೆಂಗಸರ ಕೈ ಕತ್ತಿನ ಸರಕ್ಕೆ. ತೂಕಡಿಸುತ್ತಿದ್ದವರೂ ದಡಕ್ಕನೆ ಎಚ್ಚೆತ್ತು ಬ್ಯಾಗನ್ನು ಎದೆಗೆ ಅವುಚಿಕೊಳ್ಳುತ್ತಾರೆ. ನಾನು ಆ ಬಸ್ಸಿನ ಕಂಡಕ್ಟರ್. ದಿನಾ ಬೆಳಗ್ಗೆ ಬಾಗಿಲ ಬಳಿ ನಿಂತು ಈ ತಮಾಷೆ ನೋಡುವುದು ನನ್ನ ಪಾಲಿಗೆ ಬಂದಿದೆ. ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಎಷ್ಟಾದರೂ ಒಡಹುಟ್ಟಿದ ಅಣ್ಣ ನೋಡಿ.

ಅವನು ಈ ಜನ್ಮದಲ್ಲಿ ಇನ್ನೊಬ್ಬರ ಗುಂಡುಸೂಜಿ ಮುಟ್ಟಿದವನಲ್ಲ. ಆದರೆ ಮುಖವೇ ಹಾಗಿದ್ದರೆ ಪಾಪ ಅವನಾದರೂ ಏನು ಮಾಡಿಯಾನು? ಹುಬ್ಬು ಎರಡೂ ನಡುವೆ ಕೂಡಿಕೊಂಡಿವೆ. ಕೆನ್ನೆಯ ಮೇಲೆ ಉದ್ದಕ್ಕೆ ಒಂದು ಗಾಯದ ಗುರುತು. ಅದು ಚಿಕ್ಕಂದಿನಲ್ಲಿ ಕಪಾಟಿನ ಬಾಗಿಲು ಬಡಿದು ಆದದ್ದು, ನೋಡಿದವರಿಗೆ ಮಾತ್ರ ಚಾಕುವೇ ನೆನಪಾಗುತ್ತದೆ. ಶಾಲೆಯಲ್ಲಿ ಯಾರ ಪೆನ್ಸಿಲ್ ಕಳೆದರೂ ಮೇಷ್ಟ್ರು ಮೊದಲು ಇವನ ಚೀಲ ಕೊಡವುತ್ತಿದ್ದರು. ಒಮ್ಮೆ ಪೆನ್ಸಿಲ್ ಕಳೆದುಕೊಂಡವನು ಇವನೇ ಆಗಿದ್ದ, ಆಗಲೂ ಇವನ ಚೀಲವನ್ನೇ ಕೊಡವಿದರು. ಇನ್ನು ನಮ್ಮ ಅತ್ತಿಗೆ ಇವನನ್ನು ಮೊದಲ ಸಲ ನೋಡಿದ್ದು ಒಂದು ಬಟ್ಟೆ ಅಂಗಡಿಯಲ್ಲಿ. "ಕಳ್ಳ, ಕಳ್ಳ!" ಎಂದು ಅಂಗಡಿ ಹಾರಿಹೋಗುವಂತೆ ಕೂಗಿಕೊಂಡಿದ್ದಳಂತೆ. ಆಮೇಲೆ ಪಾಪ ಅನ್ನಿಸಿ ಕ್ಷಮೆ ಕೇಳಿದಳು, ಇನ್ನೂ ಪಾಪ ಅನ್ನಿಸಿ ಮದುವೆಯೇ ಆದಳು.

ಸಾಲದ್ದಕ್ಕೆ ಅವನ ಕಸುಬು ಬೇರೆ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುತ್ತಾನೆ. ಅಚ್ಚಿಗೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಉಜ್ಜಿ ಹೊಳಪು ಕೊಡುವ ಕೆಲಸ. ಹಾಗಾಗಿ ಯಾರು ಎದುರಾದರೂ ಇವನ ಕಣ್ಣು ಸೀದಾ ಅವರ ಬಾಯಿಗೆ ಹೋಗುತ್ತದೆ. ಬೇರೆಯವರ ಬಾಯಿ ನೋಡುವುದು ಸರಿಯಲ್ಲ ಎಂದು ಹೊಳೆದ ತಕ್ಷಣ ನಾಚಿಕೊಂಡು ದೃಷ್ಟಿ ಕೆಳಗಿಳಿಸುತ್ತಾನೆ. ಕೆಳಗೆ ಏನಿರುತ್ತದೆ ಹೇಳಿ? ಜೇಬು!

ಇಷ್ಟೆಲ್ಲ ಇದ್ದರೂ ಅಣ್ಣನಿಗೆ ಇದ್ದದ್ದು ಒಂದೇ ಒಂದು ಆಸೆ. ಬಸ್ಸು ತುಂಬಿದಾಗ ನಿಂತವರು ತಮ್ಮ ಬ್ಯಾಗನ್ನು ಕೂತವರ ಕೈಗೆ ಕೊಡುತ್ತಾರಲ್ಲ, ಗುರುತಿಲ್ಲ, ಪರಿಚಯವಿಲ್ಲ, "ಸ್ವಲ್ಪ ಇಟ್ಕೊಳ್ಳಿ" ಅಂದರೆ ಮುಗಿಯಿತು. ಕೂತವರ ತೊಡೆಯ ಮೇಲೆಲ್ಲ ಬ್ಯಾಗೋ ಬ್ಯಾಗು. ಇವನ ತೊಡೆ ಮಾತ್ರ ಖಾಲಿ. ಪಕ್ಕದಲ್ಲೇ ನಿಂತವರು ಇವನನ್ನು ದಾಟಿಸಿ, ಕೈ ಉದ್ದ ಮಾಡಿ, ಆಚೆ ಸೀಟಿನವರಿಗೆ ಕೊಡುತ್ತಾರೆ. ಒಂದು ದಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ಅಂದ, "ಒಂದ್ಸಲ, ಒಂದೇ ಒಂದ್ಸಲ ಯಾರಾದ್ರೂ ನನ್ ಕೈಗೆ ಬ್ಯಾಗ್ ಕೊಟ್ರೆ ಸಾಕು ಕಣೇ. ಒಳಗೆ ಕಲ್ಲಿದ್ರೂ ಪರ್ವಾಗಿಲ್ಲ." ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಹೀಗಿರುವಾಗ ಊರಿನಲ್ಲಿ ಜೇಬುಗಳ್ಳರ ಕಾಟ ವಿಪರೀತವಾಯಿತು. ಪತ್ರಿಕೆಯವರು ಊರಿನ ಕಳ್ಳತನದ ಲೆಕ್ಕ ತೋರಿಸುವ ಗ್ರಾಫಿನ ಗೆರೆಯೊಂದನ್ನು ಅಚ್ಚು ಹಾಕುತ್ತಿದ್ದರು. ಅದು ಮಹಡಿ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಲೇ ಇತ್ತು. ಎಲ್ಲ ಬಸ್ಸಿನಲ್ಲೂ ಕಳ್ಳತನ, ನಮ್ಮ ಬಸ್ಸೊಂದನ್ನು ಬಿಟ್ಟು. ಎಲ್ಲರೂ ಇಡೀ ದಾರಿ ಜೇಬು ಹಿಡಿದುಕೊಂಡೇ ಕೂತಿದ್ದರೆ ಕಳ್ಳ ಎಲ್ಲಿ ಕೈ ಹಾಕಬೇಕು? ಇದು ನನಗೂ ಡ್ರೈವರಿಗೂ ಗೊತ್ತಿದ್ದ ವಿಷಯ. ಪೊಲೀಸರಿಗೆ ಗೊತ್ತಿರಲಿಲ್ಲ. ಜೇಬುಗಳ್ಳರ ಬೆನ್ನು ಹತ್ತಿದ್ದ ಇನ್ಸ್‌ಪೆಕ್ಟರ್ ತಲೆ ಕೆಡಿಸಿಕೊಂಡು ಒಂದು ಬೆಳಗ್ಗೆ ಮಫ್ತಿಯಲ್ಲಿ ನಮ್ಮ ಬಸ್ಸು ಹತ್ತಿದರು. ಅಣ್ಣ ಹತ್ತಿದ್ದೇ ತಡ, ಅವರ ಕೈಯೂ ತಾನಾಗಿ ಜೇಬಿಗೆ ಹೋಯಿತು. ಮರುಕ್ಷಣ ಅಣ್ಣನ ಕಾಲರ್ ಅವರ ಮುಷ್ಟಿಯಲ್ಲಿತ್ತು.

"ಸಿಕ್ದ ನೋಡಿ ಜೇಬುಗಳ್ಳರ ಬಾಸು! ಬಾಸ್ ಓಡಾಡೋ ಬಸ್ಸಲ್ಲಿ ಕೈ ಹಾಕೋ ಧೈರ್ಯ ಯಾವ ಕಳ್ಳನಿಗಿದೆ? ಅದಕ್ಕೇ ಇಲ್ಲಿ ಕಳ್ತನ ಇಲ್ಲ. ಬಿಚ್ಚೋ ಬ್ಯಾಗು!"

ಅಣ್ಣ ಬ್ಯಾಗು ಬಿಚ್ಚಿದ. ಮನೆಯಲ್ಲಿ ಉಜ್ಜಿ ತಂದಿದ್ದ ಹಲ್ಲಿನ ಸೆಟ್ಟುಗಳು ಡಬ್ಬದಿಂದ ಜಾರಿ ಬಸ್ಸಿನ ತುಂಬ ಕಟಕಟ ಎಂದು ಉರುಳಿದವು. ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲ ಮುಂದಕ್ಕೆ ಬಂದವು, ಬ್ರೇಕ್ ಬಿಟ್ಟರೆ ಹಿಂದಕ್ಕೆ ಹೋದವು.

"ಅಯ್ಯಯ್ಯೋ, ಹಲ್ಲನ್ನೂ ಬಿಟ್ಟಿಲ್ವಲ್ರೀ ಇವ್ನು!" ಎಂದು ಹಿಂದಿನಿಂದ ಒಬ್ಬಾಕೆ ಚೀರಿದರು. ಮುಂದಿನ ಸೀಟಿನ ತಾತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರದು ಕಟ್ಟಿಸಿದ ಹಲ್ಲು.

ಅಣ್ಣ ಕಾಲರ್ ಬಿಡಿಸಿಕೊಳ್ಳದೆಯೇ ಮೆಲ್ಲಗೆ ಹೇಳಿದ, "ತಾತಾ, ಹೆದರ್ಬೇಡಿ. ನಿಮ್ದು ನಾನೇ ಮಾಡಿದ್ದು. ಕೆಳಗಿನ ಸೆಟ್ ಸ್ವಲ್ಪ ಸಡಿಲ ಆಗಿರ್ಬೇಕಲ್ವಾ?"

"ಹೌದಲ್ಲಪ್ಪಾ!" ಅಂದರು ತಾತ, ಕೈಯೊಳಗಿಂದಲೇ.

"ನೋಡಿದ್ರಾ? ಮಾಲು ಯಾವ್ದು, ಯಾರ್ದು ಅಂತ ಎಲ್ಲಾ ಗೊತ್ತು ಇವ್ನಿಗೆ!" ಅಂದರು ಇನ್ಸ್‌ಪೆಕ್ಟರ್.

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಪಿತ್ತ ನೆತ್ತಿಗೇರಿ ಜನರ ನಡುವೆ ನುಗ್ಗಿ ಬಂದೆ. "ಬಿಡ್ರೀ ಅವ್ನನ್ನ! ಅವ್ನು ನಮ್ಮಣ್ಣ!" ಎಂದು ಕೂಗಿದೆ. ಎಲ್ಲರೂ ನನ್ನ ಮುಖ ನೋಡಿದರು, ಆಮೇಲೆ ನನ್ನ ಟಿಕೆಟ್ ಬ್ಯಾಗು ನೋಡಿದರು. ಒಬ್ಬರಂತೂ ಆಗಲೇ ಇಸಿದುಕೊಂಡಿದ್ದ ಚಿಲ್ಲರೆಯನ್ನು ಮತ್ತೆ ಎಣಿಸಿಕೊಂಡರು. ಅವತ್ತು ನನಗೆ ಬಂದ ಸಿಟ್ಟನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಹಲ್ಲಿನ ಡಾಕ್ಟರಿಗೆ ಫೋನು ಮಾಡಿಸಿದ ಮೇಲೆ ಇನ್ಸ್‌ಪೆಕ್ಟರ್ ತಣ್ಣಗಾದರು. ತಾವೇ ಮಂಡಿಯೂರಿ ಸೀಟುಗಳ ಕೆಳಗಿಂದ ಹಲ್ಲು ಆರಿಸಿಕೊಟ್ಟರು. ಕಳ್ಳತನ ಯಾಕಿಲ್ಲ ಎನ್ನುವುದನ್ನು ನಾನೇ ಬಿಡಿಸಿ ಹೇಳಿದೆ. ಅದೇ ನಾನು ಮಾಡಿದ ಎಡವಟ್ಟು. ಅವರು ಗಲ್ಲ ಕೆರೆದುಕೊಳ್ಳುತ್ತಾ ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ದೊಂದು ಫೋಟೋ ಬೇಕಿತ್ತಲ್ಲ ಸರ್. ಸಾರ್ವಜನಿಕರ ಸುರಕ್ಷತೆಗೆ," ಅಂದರು.

ಜೀವಮಾನದಲ್ಲಿ ಪೊಲೀಸರ ಬಾಯಿಂದ 'ಸರ್' ಎಂದು ಕೇಳಿಸಿಕೊಂಡದ್ದು ಅದೇ ಮೊದಲು. ಅಣ್ಣ ಹಿಗ್ಗಿ ಹೀರೆಕಾಯಿಯಾದ. ಹೊಸ ಅಂಗಿ ಇಸ್ತ್ರಿ ಮಾಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋದ. ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕನಂತೆ. ಫೋಟೋ ತೆಗೆಯುವವನು, "ನಗ್ಬೇಡಿ ಸರ್, ಹೇಗಿದೀರೋ ಹಾಗೇ ಇರಿ, ಅಷ್ಟೇ ಸಾಕು," ಅಂದನಂತೆ.

ಮುಂದಿನ ವಾರ ಊರಿನ ಎಲ್ಲ ಬಸ್ಸುಗಳಲ್ಲೂ, ಕಿಟಕಿಯ ಮೇಲೆ, ಮೊರದಗಲ ಅಣ್ಣನ ಮುಖ. ಕೆಳಗೆ ಕೆಂಪಕ್ಷರದಲ್ಲಿ, 'ಎಚ್ಚರಿಕೆ! ನಿಮ್ಮ ಜೇಬು ನೋಡಿಕೊಳ್ಳಿ.'

ನಾನು ಡ್ಯೂಟಿ ಮುಗಿಸಿದವಳೇ ಕೆಂಡಾಮಂಡಲವಾಗಿ ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಕುರ್ಚಿ ಕೊಟ್ಟು, ಪತ್ರಿಕೆ ಬಿಡಿಸಿ ತೋರಿಸಿದರು. "ಗೆರೆ ನೋಡಿ ಮೇಡಂ, ಹೇಗೆ ಇಳೀತಿದೆ!"

"ನಮ್ಮಣ್ಣನ ಮುಖ ನೋಡಿ, ಹೇಗೆ ಬಾಡಿದೆ!"

"ಅದ್ರಲ್ಲಿ ಕಳ್ಳ ಅಂತ ಎಲ್ಲಾದ್ರೂ ಬರ್ದಿದೀವಾ?"

"ಬರ್ಯೋದೇ ಬೇಡ ಅಂತ ತಾನೇ ಅವನ ಮುಖ ಹಾಕಿರೋದು?"

"ಅದೂ ನಿಜಾನೇ," ಎಂದು ಅವರು ಒಪ್ಪಿಕೊಂಡರು. ಪೋಸ್ಟರ್ ಮಾತ್ರ ತೆಗೆಸಲಿಲ್ಲ.

ಅಣ್ಣ ಬಸ್ಸು ಬಿಟ್ಟುಬಿಟ್ಟ. ಕ್ಲಿನಿಕ್ಕಿಗೆ ನಡೆದೇ ಹೋಗತೊಡಗಿದ. ಮುಖ ಕಾಣದಿರಲಿ ಎಂದು ಉರಿಬಿಸಿಲಿನಲ್ಲಿ ಮಫ್ಲರ್ ಸುತ್ತಿಕೊಂಡ. ಬಿಸಿಲಲ್ಲಿ ಮಫ್ಲರ್ ಸುತ್ತಿಕೊಂಡವನನ್ನು ಬಿಟ್ಟಾರೆಯೇ? ದಾರಿಯುದ್ದಕ್ಕೂ ಬೀಟ್ ಪೊಲೀಸರು ತಡೆದು ತಡೆದು ಬ್ಯಾಗು ಬಿಚ್ಚಿಸಿದರು, ಹಲ್ಲು ಕಂಡು ಬೆಚ್ಚಿಬಿದ್ದರು. ಕೆಲಸಕ್ಕೆ ದಿನಾ ತಡ. ಹಲ್ಲಿಗಾಗಿ ಕಾದು ಕೂತ ಮುದುಕರೆಲ್ಲ ಗಂಜಿ ಕುಡಿದುಕೊಂಡು ಡಾಕ್ಟರನ್ನು ಬೈಯುತ್ತಿದ್ದರು.

ಅದೆಲ್ಲ ಹಾಳಾಗಿ ಹೋಗಲಿ. ಒಂದು ಸಂಜೆ ಅತ್ತಿಗೆ ಫೋನು ಮಾಡಿ ಅತ್ತಳು. "ನಿಮ್ಮಣ್ಣ ಮನೇಲೂ ನನ್ ಪರ್ಸ್ ಇರೋ ಕೋಣೆಗೆ ಬರ್ತಿಲ್ಲ ಕಣೇ. ಹೊಸ್ತಿಲಲ್ಲೇ ನಿಂತು, ನೀನೇ ಬಾ ಈಚೆಗೆ, ಅಂತಾರೆ. ನಂಗೆ ಯಾಕೋ ಭಯ ಆಗ್ತಿದೆ." ನಾನು ಯೂನಿಫಾರ್ಮಿನಲ್ಲೇ ಓಡಿದೆ. ಅಣ್ಣ ಊದಿಕೊಂಡ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತಿದ್ದ.

"ನೀನು ಏನಾದ್ರೂ ಕದ್ದಿದೀಯೇನೋ?" ಎಂದು ಕೇಳಿದೆ.

"ಇಲ್ಲ."

"ಮತ್ತೆ ಯಾಕೋ ಹೀಗೆ?"

"ಇಡೀ ಊರಿಗೆ ಊರೇ ಹೇಳ್ತಿದೆಯಲ್ಲೇ. ಇಷ್ಟು ದಿನ ಕದ್ದಿಲ್ಲ, ಸರಿ. ಮುಂದೆ ಯಾವತ್ತಾದ್ರೂ ಕದ್ದುಬಿಡ್ತೀನೇನೋ ಅಂತ ಭಯ ಕಣೇ."

ಇಂಥ ಪೆದ್ದುತನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ. ಆಮೇಲೆ ಕಣ್ಣೊರೆಸಿಕೊಂಡು ಗದರಿದೆ. "ನಾಳೆ ಮಫ್ಲರ್ ಬಿಚ್ಚಿಟ್ಟು ನನ್ ಬಸ್ಸಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾನು ಇನ್ಮೇಲೆ ನಿನ್ ತಂಗೀನೇ ಅಲ್ಲ." ನನ್ನ ಬಾಯಿಗೆ ಹೆದರುವ ಪ್ರಪಂಚದ ಏಕೈಕ ಗಂಡಸು ಅವನು. ಬಂದ.

ಬಸ್ಸು ಕಿಕ್ಕಿರಿದಿತ್ತು. ಖಾಲಿ ಇದ್ದದ್ದು ಬಾಗಿಲ ಪಕ್ಕದ ಒಂಟಿ ಸೀಟು ಮಾತ್ರ, ಅದೂ ಸರಿಯಾಗಿ ಪೋಸ್ಟರಿನ ಕೆಳಗೆ. ಅಣ್ಣ ತಲೆ ತಗ್ಗಿಸಿ ಕೂತ. ಜನ ಪೋಸ್ಟರ್ ನೋಡಿದರು, ಅವನನ್ನು ನೋಡಿದರು, ಮತ್ತೆ ಪೋಸ್ಟರ್ ನೋಡಿದರು. ಇಷ್ಟು ಜನರ ನಡುವೆಯೂ ಅವನ ಸುತ್ತ ಒಬ್ಬರು ಮಲಗಬಹುದಾದಷ್ಟು ಜಾಗ ಖಾಲಿ ಉಳಿಯಿತು. ಕರೆತಂದು ತಪ್ಪು ಮಾಡಿದೆನಲ್ಲ ಎಂದು ನನಗನ್ನಿಸಿತು.

ಮಾರ್ಕೆಟ್ ಸ್ಟಾಪಿನಲ್ಲಿ ಭಾರೀ ಗಾತ್ರದ ಅಮ್ಮನೊಬ್ಬರು ಏದುಸಿರು ಬಿಡುತ್ತಾ ಹತ್ತಿದರು. ಹೆಗಲಿಗೊಂದು ದೊಡ್ಡ ಬ್ಯಾಗು. ಅಣ್ಣ ಎದ್ದು ಸೀಟು ಬಿಡಲು ಹೋದ.

"ಏಯ್, ಕೂತ್ಕೋ ಕೂತ್ಕೋ," ಅಂದರು ಅವರು. ಪೋಸ್ಟರನ್ನೂ ಅಣ್ಣನನ್ನೂ ತಾಳೆ ನೋಡಿದರು. "ಇದು ನೀನೇ ಅಲ್ವೇನಪ್ಪಾ?"

"ಹೌದಮ್ಮಾ," ಅಂದ ಅಣ್ಣ, ನೆಲ ನೋಡುತ್ತಾ.

"ತಗೋ, ಇಟ್ಕೋ," ಎಂದು ಬ್ಯಾಗನ್ನು ಅವನ ತೊಡೆಯ ಮೇಲೆ ಧೊಪ್ಪನೆ ಹಾಕಿ, ಎರಡೂ ಕೈಯಿಂದ ಮೇಲಿನ ಕಂಬಿ ಹಿಡಿದುಕೊಂಡರು.

ಪಕ್ಕದಲ್ಲಿದ್ದವರು ಗಾಬರಿಯಾಗಿ ಪಿಸುಗುಟ್ಟಿದರು, "ಅಮ್ಮಾ, ಯಾರ ಕೈಗೆ ಕೊಡ್ತಿದೀರಾ ಗೊತ್ತಾ?"

"ಗೊತ್ತಿಲ್ದೆ ಏನು? ಇಡೀ ಬಸ್ಸೇ ಬಿಟ್ಟ ಕಣ್ಣು ಬಿಟ್ಟ ಹಾಗೆ ಇವ್ನನ್ನೇ ನೋಡ್ತಿದೆ. ಇದಕ್ಕಿಂತ ಭದ್ರವಾದ ಜಾಗ ಈ ಊರಲ್ಲಿ ಎಲ್ರೀ ಇದೆ? ನಿಮ್ ಕೈಗೆ ಕೊಟ್ರೆ ಯಾರು ನೋಡ್ತಾರೆ?"

ಆಮೇಲೆ ಕಾಲೇಜು ಹುಡುಗಿಯೊಬ್ಬಳು ತನ್ನ ಬ್ಯಾಗು ಮುಂದೆ ಚಾಚಿದಳು. "ಇದೂ ಇಟ್ಕೊಳ್ಳಿ ಅಂಕಲ್." ಆಮೇಲೆ ಒಂದು ಊಟದ ಡಬ್ಬಿ ಬಂತು, ಒಂದು ಲ್ಯಾಪ್‌ಟಾಪ್ ಬಂತು, ಔಷಧಿ ಚೀಲ ಬಂತು, ಹೆಲ್ಮೆಟ್ ಬಂತು. ನೋಡನೋಡುತ್ತಿದ್ದಂತೆ ಬ್ಯಾಗುಗಳ ಗುಡ್ಡೆ ಅವನ ಮೂಗಿನವರೆಗೆ ಬಂದು, ಕಣ್ಣು ಹುಬ್ಬು ಮಾತ್ರ ಹೊರಗೆ ಉಳಿದವು. ಅಣ್ಣ ಎರಡೂ ತೋಳಿನಲ್ಲಿ ಗುಡ್ಡೆಯನ್ನು ತಬ್ಬಿಕೊಂಡು ಉಸಿರಾಡಲೂ ಹೆದರುತ್ತಾ ಕೂತಿದ್ದ. ಆ ಅಮ್ಮ ಹೇಳಿದ್ದರ ಅರ್ಥ ಅವನ ತಲೆಗೆ ಹೋಯಿತೋ ಇಲ್ಲವೋ. ಅವನ ಕಣ್ಣು ಮಾತ್ರ ಮಿಂಚುತ್ತಿತ್ತು.

ಅವನ ಸ್ಟಾಪು ಬಂತು, ಹೋಯಿತು. ಒಬ್ಬೊಬ್ಬರೇ ತಮ್ಮ ತಮ್ಮ ಬ್ಯಾಗು ತೆಗೆದುಕೊಂಡು ಇಳಿದರು. ಆ ಅಮ್ಮ ಅಷ್ಟರಲ್ಲಿ ಹಿಂದೆ ಸೀಟು ಹಿಡಿದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಮನಸ್ಸಾಗದೆ ಅಣ್ಣ ಅವರ ಬ್ಯಾಗು ಅಪ್ಪಿಕೊಂಡು ಕೊನೆಯ ಸ್ಟಾಪಿನವರೆಗೂ ಬಂದ. ಅಲ್ಲಿ ಅವರು ಎದ್ದು, ಬ್ಯಾಗು ಇಸಿದುಕೊಂಡು, ಎಳ್ಳಷ್ಟೂ ನಾಚಿಕೆಯಿಲ್ಲದೆ ಅವನೆದುರೇ ಬಿಚ್ಚಿ ಒಂದೊಂದೇ ತೆಗೆದು ನೋಡಿದರು. ಪರ್ಸು, ಬೀಗದ ಕೈ, ಕನ್ನಡಕ, ಅರ್ಧ ತಿಂದಿಟ್ಟ ಬಿಸ್ಕತ್ತಿನ ಪೊಟ್ಟಣ. ಅಣ್ಣ ಪರೀಕ್ಷೆ ಬರೆದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ.

"ಎಲ್ಲಾ ಇದೆ ಕಣಪ್ಪಾ," ಎಂದು ಅವರು ಇಳಿದು ಹೋದರು.

"ಕೇಳಿಸ್ಕೊಂಡ್ಯಾ? ಎಲ್ಲಾ ಇದೆ ಅಂದ್ರು," ಅಂದ ಅಣ್ಣ ನನ್ನ ಕಡೆ ತಿರುಗಿ. ಅತ್ತರೆ ಡ್ರೈವರ್ ನೋಡಿಬಿಡುತ್ತಾನೆ. ಅದಕ್ಕೇ ಗಂಟುಮೋರೆ ಹಾಕಿಕೊಂಡು, "ಸ್ಟಾಪ್ ದಾಟಿ ಬಂದಿದೀಯ, ಟಿಕೆಟ್ ತಗೋ," ಅಂದೆ.

ಅಣ್ಣ ಹಿಂಜೇಬಿಗೆ ಕೈ ಹಾಕಿದ. ಇನ್ನೊಂದು ಜೇಬಿಗೆ ಹಾಕಿದ. ಅಂಗಿಯ ಜೇಬಿಗೂ ಹಾಕಿದ. ಎಲ್ಲೂ ಪರ್ಸ್ ಇರಲಿಲ್ಲ. ಊರವರ ಬ್ಯಾಗುಗಳನ್ನೆಲ್ಲ ತಬ್ಬಿಕೊಂಡು ಕೂತವನ ಜೇಬಿಗೆ ಯಾವನೋ ಕೈ ಹಾಕಿ, ಪರ್ಸ್ ಎತ್ತಿಕೊಂಡು ಹಾಯಾಗಿ ಇಳಿದು ಹೋಗಿದ್ದ.

"ಅಯ್ಯೋ ನಿನ್ನ! ಕಳ್ಕೊಂಡ್ಯಾ? ನಡಿ, ಮೊದ್ಲು ಕಂಪ್ಲೇಂಟ್ ಕೊಡೋಣ," ಎಂದು ನಾನು ಹೌಹಾರಿದೆ.

ಅಣ್ಣ ಖಾಲಿ ಜೇಬಿನ ಒಳಬಟ್ಟೆಯನ್ನು ಹೊರಗೆಳೆದು ಹಿಡಿದುಕೊಂಡು ನಿಂತಿದ್ದ. ನಿಧಾನವಾಗಿ ಅವನ ಮುಖ ಅರಳಿತು. ಅವನು ಹಾಗೆ ನಕ್ಕಿದ್ದನ್ನು ಹುಟ್ಟಿದಾಗಿನಿಂದ ನಾನು ನೋಡಿರಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು.

"ಕಳ್ಳನಿಗೇ ನಾನು ಕಳ್ಳ ಅನ್ನಿಸ್ಲಿಲ್ಲ ಕಣೇ," ಅಂದ.