ಹನ್ನೊಂದು ಕೋರಾ ಕಾಗದ

೧೯೩೯ರ ಹೊತ್ತಿಗೆ ನಾನು ಗಂಗಾವತಿಯ ಅದಾಲತ್ತಿನ ಎದುರು ಅರ್ಜಿ ಬರೆಯುವ ಮುನ್ಶಿಯಾಗಿ ಒಂಬತ್ತು ವರ್ಷ ಕಳೆದಿದ್ದೆ. ಆಗ ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ. ನನ್ನಲ್ಲಿಗೆ ಬರುತ್ತಿದ್ದ ರೈತರಿಗೆ ಗೊತ್ತಿದ್ದುದು ಕನ್ನಡ, ಅದೂ ಬಾಯಿಮಾತಿನದು. ಅವರು ಹೇಳಿದ್ದನ್ನು ಉರ್ದುವಿನಲ್ಲಿ ಬರೆದು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನ ಕಸುಬು. ಬೇವಿನ ನೆರಳಲ್ಲಿ ಒಂದು ಮೇಜು, ಒಂದು ಟ್ರಂಕು, ಇಷ್ಟೇ ನನ್ನ ಅಂಗಡಿ.

ಈ ಕಸುಬಿನಲ್ಲಿ ಒಂದು ರೂಢಿಯಿತ್ತು. ದೂರದ ಊರಿನವರು ಸಣ್ಣಪುಟ್ಟ ಅರ್ಜಿಗಳಿಗೆ ಮತ್ತೆ ಮತ್ತೆ ಬರಲಾಗದೆ, ಖಾಲಿ ಕಾಗದದ ಬುಡದಲ್ಲಿ ಹೆಬ್ಬೆಟ್ಟು ಒತ್ತಿ ನನ್ನ ಬಳಿ ಬಿಟ್ಟು ಹೋಗುತ್ತಿದ್ದರು. ಅದಕ್ಕೆ ಕೋರಾ ಕಾಗದ ಎನ್ನುತ್ತಿದ್ದೆವು. ಪೇಶಿ, ಅಂದರೆ ವಿಚಾರಣೆಯ ದಿನ, ಮುಂದಕ್ಕೆ ಹಾಕಿಸಬೇಕಾದರೆ ನಾನೇ ಅದರ ಮೇಲೆ ಬರೆದು ಸಲ್ಲಿಸುತ್ತಿದ್ದೆ. ಒಮ್ಮೆಯೂ ಕೈ ಹೊಲಸು ಮಾಡಿಕೊಂಡವನಲ್ಲ. ಟ್ರಂಕಿನಲ್ಲಿ ಅಂಥ ಹನ್ನೊಂದು ಕಾಗದಗಳಿದ್ದವು, ಅವುಗಳ ಬಗ್ಗೆ ನನಗೆ ಜಂಬವೂ ಇತ್ತು.

ಆ ವರ್ಷ ಕೆಲಸ ಕೈಮೀರಿ, ಮೊದಲ ಸಲ ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಂಡೆ. ಹೆಸರು ಗುಂಡೇರಾವ್, ವಯಸ್ಸು ನಲವತ್ತೈದರ ಮೇಲೆ. ದೇಸಾಯರೊಬ್ಬರ ಮನೆಯಲ್ಲಿ ಕಾಗದಪತ್ರ ನೋಡಿಕೊಂಡಿದ್ದವರು, ಅಕ್ಷರ ಮುತ್ತಿನಂತಿತ್ತು. ಅವರ ಬಗ್ಗೆ ನಾಲ್ಕು ಮಂದಿಯನ್ನು ವಿಚಾರಿಸಿ, ಮೊದಲ ದಿನವೇ ಟ್ರಂಕಿನ ಕೀಲಿ ಕೊಟ್ಟುಬಿಟ್ಟೆ.

ತಿಂಗಳು ಕಳೆದಿತ್ತು. ಒಂದು ಸೋಮವಾರ ಬೆಳಿಗ್ಗೆ ಅವರು ಬಂದವರು ಕೂರಲೇ ಇಲ್ಲ.

“ಮುನ್ಶಿಯವರ, ನಿನ್ನೆ ಒಬ್ಬಾವ ನನ್ನ ಮನೀಗೆ ಬಂದಿದ್ದ. ಹುಲಿಹೈದರದ ಯಮನಮ್ಮನ ಕೋರಾ ಕಾಗದದ ಮ್ಯಾಲೆ ರಾಜೀನಾಮಾ ಬರದು ಕೊಡ್ರಿ ಅಂದ. ಬೈದು ಕಳಿಸೀನಿ.”

ರಾಜೀನಾಮಾ ಎಂದರೆ ಹಕ್ಕು ಬಿಟ್ಟುಕೊಟ್ಟೆ ಎಂದು ಒಪ್ಪಿದ ಪತ್ರ. ಯಮನಮ್ಮ ಗಂಡ ಸತ್ತ ಹೆಣ್ಣುಮಗಳು. ಬಾವಿಯಲ್ಲಿ ಅವಳಿಗಿದ್ದ ಅರ್ಧ ಪಾಲನ್ನು ಮೈದುನ ತನ್ನದೆಂದು ವ್ಯಾಜ್ಯ ಹೂಡಿದ್ದ. ಆ ನೀರು ಹೋದರೆ ಅವಳ ಎರಡು ಎಕರೆ ಹೊಲ ಇದ್ದೂ ಇಲ್ಲದಂತೆ.

“ಛಲೋ ಮಾಡೀರಿ. ನಿಮ್ಮ ಮ್ಯಾಲೆ ನನಗ ನಂಬಿಕಿ ಐತಿ” ಎಂದೆ.

“ನಿಮಗ ಐತಿ. ಆಕಿ ನನ್ನ ಮಾರೀನೂ ನೋಡಿಲ್ಲ. ಈ ಕೀಲಿ ನನಗ ಬ್ಯಾಡ್ರಿ.” ಕೀಲಿಯನ್ನು ಮೇಜಿನ ಮೇಲಿಟ್ಟರು.

ನನಗೆ ಸಿಟ್ಟು ಬಂತು. ಸಂಬಳಕ್ಕೆ ಬಂದವರು ನನಗೇ ಬುದ್ಧಿ ಹೇಳುವುದೇ ಎನ್ನಿಸಿತು. ಗುರುವಾರವೇ ಯಮನಮ್ಮನ ಪೇಶಿ. ಮಗಳ ಬಾಣಂತನವಿರುವುದರಿಂದ ಬರಲಾಗದು, ಮುಂದಕ್ಕೆ ಹಾಕಿಸಿರಿ ಎಂದು ಹೇಳಿಕಳಿಸಿದ್ದಳು. ಅರ್ಜಿಯೂ ಇಲ್ಲದೆ ಆಕೆಯೂ ಬಾರದಿದ್ದರೆ ಮೈದುನ ಹೇಳಿದ್ದೇ ತೀರ್ಪಾಗುತ್ತಿತ್ತು. ಈಗಲೇ ಬರೆದು ಮುಗಿಸೋಣವೆಂದು ಟ್ರಂಕು ತೆಗೆದೆ.

ನಾನು ಕಾಗದಗಳನ್ನು ಗುರುತಿಸುತ್ತಿದ್ದುದು ಮಡಿಕೆಯ ಮೇಲೆ. ಕಾರಟಗಿಯವನದು ಎರಡು ಮಡಿಕೆ, ಯಮನಮ್ಮನದು ಮೂರು, ಹೀಗೆ. ಈ ಲೆಕ್ಕ ಯಾರಿಗೂ ಹೇಳಿರಲಿಲ್ಲ. ಗುಂಡೇರಾಯರು ಅಚ್ಚುಕಟ್ಟಿನ ಮನುಷ್ಯ, ಹನ್ನೊಂದನ್ನೂ ಬಿಡಿಸಿ, ಭಾರವಿಟ್ಟು ಮಟ್ಟಸ ಮಾಡಿ ಜೋಡಿಸಿದ್ದರು. ಹನ್ನೊಂದು ಕಪ್ಪು ಹೆಬ್ಬೆಟ್ಟುಗಳಲ್ಲಿ ಯಾರದು ಯಾವುದೆಂದು ನನಗೇ ತಿಳಿಯಲಿಲ್ಲ. ಅವರನ್ನು ಬೈಯಲು ಬಾಯಿ ತೆರೆದೆ. ಒಂಬತ್ತು ವರ್ಷ ಜನರ ಹೊಲಮನೆಗಳನ್ನು ನಾನು ಇಟ್ಟಿದ್ದುದು ಬರೀ ಕಾಗದದ ಮಡಿಕೆಗಳ ನೆನಪಿನಲ್ಲಿ ಎಂಬುದು ಆಗ ಹೊಳೆದು ನಾಚಿಕೆಯಾಯಿತು.

ಅಲ್ಲೇ ನಿಂತು ಹನ್ನೊಂದನ್ನೂ ಹರಿದೆ. ಮರುದಿನ ನಸುಕಿನಲ್ಲಿ ಎತ್ತಿನ ಗಾಡಿ ಹೂಡಿಸಿ, ಗುಂಡೇರಾಯರನ್ನೂ ಕೂರಿಸಿಕೊಂಡು ಹೊರಟೆ. ಕನಕಗಿರಿ ದಾಟಿ ಹುಲಿಹೈದರ ಸೇರುವಾಗ ಹೊತ್ತು ಇಳಿದಿತ್ತು. ಸೊಂಟ ಹಿಡಿದುಹೋಗಿತ್ತು, ಆದರೂ ಬುಧವಾರ ಸಂಜೆಯೊಳಗೆ ಅರ್ಜಿಯೊಡನೆ ಮರಳಿಯೇ ಸಿದ್ಧ ಎಂದು ಹಟ ಹಿಡಿದಿದ್ದೆ.

ಯಮನಮ್ಮ ಬಾಣಂತಿಗೆ ನೀರು ಕಾಯಿಸುತ್ತಿದ್ದಳು. “ಹೆಬ್ಬಟ್ಟು ಒತ್ತಿ ಕೊಟ್ಟಿದ್ದೆನಲ್ರಿ, ಮತ್ಯಾಕ ಬಂದ್ರಿ?” ಎಂದಳು.

“ಅದನ್ನ ಹರದು ಹಾಕೀನಿ ಯವ್ವಾ” ಎಂದು ನಡೆದದ್ದನ್ನೆಲ್ಲ ಒಂದೂ ಮುಚ್ಚದೆ ಹೇಳಿದೆ. ಆಕೆ ಗುಂಡೇರಾಯರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಕೀಲಿ ಇವರ ಕಡೆ ಎಷ್ಟು ದಿನ ಇತ್ರಿ?”

“ಒಂದು ತಿಂಗಳು.”

“ಇವರು ಒಲ್ಲೆ ಅಂದ್ರು, ನನ್ನ ಬಾವಿ ಉಳೀತು. ಹೂಂ ಅಂದಿದ್ರ? ಕೀಲಿ ಕೊಡೂ ಮುಂದ ನನ್ನ ಒಂದು ಮಾತು ಕೇಳಬೇಕಿತ್ತಿಲ್ರಿ?”

ಚೀಲದಿಂದ ಹೊಸ ಕಾಗದ ತೆಗೆದು ಮುಂದಿಟ್ಟೆ. ಗುಂಡೇರಾಯರು ಅರ್ಜಿ ಬರೆದರು, ನಾನು ಓದಿ ಹೇಳಿದೆ. ಇನ್ನೊಮ್ಮೆ ಓದಿರಿ ಎಂದಳು, ಓದಿದೆ. ಆಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಗುರುವಾರ ಅರ್ಜಿ ಮಂಜೂರಾಯಿತು.

ಅಂದಿನಿಂದ ಕೋರಾ ಕಾಗದ ಮುಟ್ಟಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಹೇಳಬೇಕೆಂದು ನಿಯಮ ಮಾಡಿದೆ. ಉಳಿದ ಹತ್ತು ಮಂದಿಗೂ ಒಬ್ಬೊಬ್ಬರಿಗೇ ವಿಷಯ ತಿಳಿಸಿದೆ. ಮೂವರು ಮುನಿಸಿಕೊಂಡು ಬೇರೆ ಮುನ್ಶಿಯ ಬಳಿ ಹೋದರು, ಹೋಗಲಿ ಎಂದುಕೊಂಡೆ.

ಮುಂದಿನ ಪೇಶಿಗೆ ಯಮನಮ್ಮ ತಾನೇ ಬಂದಳು. ಎಂದಿನಂತೆ ಮೇಜಿನ ನನ್ನ ಬದಿಗೆ ಬರುತ್ತಾಳೆಂದು ಲೇಖನಿ ಎತ್ತಿಕೊಂಡೆ. ಆಕೆ ಗುಂಡೇರಾಯರ ಮುಂದೆ ಕುಳಿತು “ನೀವ ಬರೀರಿ” ಎಂದಳು. ಆ ವ್ಯಾಜ್ಯ ಕೊನೆಗೆ ಅವಳ ಪರವಾಗಿಯೇ ಆಯಿತು, ಬಾವಿಯ ಪಾಲು ಉಳಿಯಿತು. ಒಬ್ಬ ಮನುಷ್ಯನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮುನ್ನ ಅವನ ಬಗ್ಗೆ ನಾಲ್ಕು ಮಂದಿಯನ್ನು ವಿಚಾರಿಸಿದ್ದ ನಾನು, ಅವನ ಕೈಗೆ ಯಾರ ಬದುಕು ಹೋಗುತ್ತದೋ ಅವರನ್ನು ಮಾತ್ರ ಕೇಳಿರಲಿಲ್ಲ.